ಗೊತ್ತಿಲ್ಲದ ಪದ ಬಂತಾ? ಮೊದಲು ಪ್ಯಾರಾದ ಜಾಡು ಹಿಡಿಯಿರಿ

ಮಕ್ಕಳ ಕೈಗೆ ಪೇಪರ್ ಕೊಟ್ಟು ಓದು ಅಂದರೆ ಎಷ್ಟೋ ಜನ ಎರಡನೇ ಸಾಲಿಗೇ ನಿಂತುಬಿಡುತ್ತಾರೆ. ಯಾವುದೋ ಒಂದು ಪದ ಗೊತ್ತಿಲ್ಲ, ಅಷ್ಟೆ. ನೀವು ಅರ್ಥ ಹೇಳಿದರೆ ಆ ಸಾಲು ದಾಟುತ್ತಾರೆ, ಮುಂದಿನ ಸಾಲಿಗೆ ಮತ್ತೆ ನಿಮ್ಮ ಮುಖ ನೋಡುತ್ತಾರೆ. ಅದರ ಬದಲು ಪ್ಯಾರಾ ಎತ್ತ ಹೋಗುತ್ತಿದೆ ಅಂತ ಗುರುತಿಸೋದನ್ನು ಮೊದಲು ಕಲಿಸಿ. ಅದು ಗೊತ್ತಾದರೆ ಕಷ್ಟದ ಪದಗಳಲ್ಲಿ ಎಷ್ಟೋ ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

1. ತಲೆಬರಹ, ಉಪಶೀರ್ಷಿಕೆ, ಚಿತ್ರದ ಕೆಳಗಿನ ಸಾಲು. ಮೊದಲು ಇಷ್ಟೇ ಓದಿಸಿ.

2. ಪ್ಯಾರಾ ಏನು ಮಾಡುತ್ತಿದೆ ಅಂತ ಕೇಳಿ. ಸುಮ್ನೆ ವಿವರಿಸುತ್ತಿದೆಯಾ, ನಡೆದದ್ದನ್ನು ಕ್ರಮವಾಗಿ ಹೇಳುತ್ತಿದೆಯಾ, ಕಾರಣ ಕೊಡುತ್ತಿದೆಯಾ, ಎರಡನ್ನು ಹೋಲಿಸುತ್ತಿದೆಯಾ, ಸಮಸ್ಯೆ ಹೇಳಿ ಪರಿಹಾರ ಕೊಡುತ್ತಿದೆಯಾ? 'ಆಮೇಲೆ', 'ಹೀಗಾಗಿ', 'ಆದರೆ' ಇವೆಲ್ಲ ಸುಳಿವು. ಆದರೆ ಕನ್ನಡದಲ್ಲಿ ಸುಳಿವು ಎಷ್ಟೋ ಸಲ ಬೇರೆ ಪದವಾಗಿ ಇರೋದೇ ಇಲ್ಲ, 'ಬಂದದ್ದರಿಂದ', 'ನಿನ್ನೆಗಿಂತ' ಅಂತ ಪದದ ಕೊನೆಯಲ್ಲಿ ಅಂಟಿಕೊಂಡಿರುತ್ತದೆ. ಹಾಗಾಗಿ ಪದದ ಕೊನೆಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಲು ಹೇಳಿ. ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಕಾಲದ ಕ್ರಮದಲ್ಲಿ ಸ್ವಲ್ಪ ಹುಷಾರು. '1905ರಲ್ಲಿ ಬೆಂಗಳೂರಿಗೆ ವಿದ್ಯುತ್ ಬಂತು. ಅದಕ್ಕೂ ಮೊದಲು, 1902ರಲ್ಲೇ, ಶಿವನಸಮುದ್ರದ ವಿದ್ಯುತ್ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು.' ಇಲ್ಲಿ ಮೊದಲು ನಡೆದದ್ದು ಎರಡನೇ ವಾಕ್ಯದಲ್ಲಿದೆ. ಪತ್ರಿಕೆ ಸುದ್ದಿಯಲ್ಲಂತೂ ಹೊಸದು ಮೇಲೆ, ಹಿನ್ನೆಲೆ ಕೆಳಗೆ. ಇಸವಿಗಳನ್ನು ಪಕ್ಕದಲ್ಲಿ ಸಾಲಾಗಿ ಬರೆದುಕೊಂಡರೆ ಗೊಂದಲ ಇರಲ್ಲ.

3. ಈಗ ಪದಕ್ಕೆ ಬನ್ನಿ. ಈ ಪ್ಯಾರಾ ನೋಡಿ:

'ಬೆಂಗಳೂರಿನ ಹಳೆಯ ಕೆರೆಗಳು ಸರಪಳಿಯಂತೆ ಒಂದಕ್ಕೊಂದು ಸೇರಿಕೊಂಡಿದ್ದವು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದಾಗ ಹೆಚ್ಚಾದ ನೀರು ರಾಜಕಾಲುವೆಯಲ್ಲಿ ಹರಿದು ಕೆಳಗಿನ ಕೆರೆ ಸೇರುತ್ತಿತ್ತು. ಕಾಲುವೆಗಳು ಒತ್ತುವರಿಯಾದದ್ದರಿಂದ ಈಗ ಜೋರು ಮಳೆ ಬಂದರೆ ನೀರು ಮನೆಗಳಿಗೆ ನುಗ್ಗುತ್ತದೆ.'

ಅಪಾರ್ಟ್‌ಮೆಂಟಿನಲ್ಲಿ ಬೆಳೆದ ಮಗುವಿಗೆ 'ಕೋಡಿ' ಗೊತ್ತಿರಲ್ಲ. ಅದರ ಹಿಂದೆ ಏನಿದೆ? ಕೆರೆ ತುಂಬಿತು. ಮುಂದೆ? ಹೆಚ್ಚಾದ ನೀರು ಹರಿಯಿತು. ನಡುವೆ ಆಗಿದ್ದು ಏನು ಅಂತ ಕೇಳಿ, ಮಗುವೇ ಹೇಳುತ್ತದೆ.

'ಒತ್ತುವರಿ' ಇಷ್ಟು ಸುಲಭ ಅಲ್ಲ. 'ದದ್ದರಿಂದ' ಇದೆ, ಅಂದರೆ ಇದು ಕಾರಣ. ನೀರು ಮನೆಗೆ ನುಗ್ಗಿದ್ದು ಪರಿಣಾಮ. ಹಾಗಾದರೆ ಕಾಲುವೆಗೆ ಏನೋ ಆಗಿ ನೀರಿಗೆ ದಾರಿ ಇಲ್ಲವಾಗಿದೆ. ಇಲ್ಲಿಯವರೆಗೆ ಸರಿ, ಆದರೆ ಹೂಳು ತುಂಬಿದರೂ ಹೀಗೇ ಆಗುತ್ತದೆ ಅಲ್ವಾ? ಇಂಥ ಕಡೆ ಊಹೆಯನ್ನು ಅಂಚಿನಲ್ಲಿ ಬರೆದಿಟ್ಟು ಮುಂದೆ ಓದಬೇಕು. 'ಒತ್ತುವರಿ ತೆರವಿಗೆ ಕಾಂಪೌಂಡ್ ಗೋಡೆ ಒಡೆಯಲಾಯಿತು' ಅಂತ ಮುಂದೆಲ್ಲೋ ಬಂದರೆ ಹೂಳಿನ ಊಹೆ ಬಿದ್ದುಹೋಯಿತು. ಯಾರೋ ಜಾಗ ಹಿಡಿದು ಕಟ್ಟಿದ್ದಾರೆ ಅಂತ ಸ್ಪಷ್ಟವಾಯಿತು. ಊಹಿಸು, ಮುಂದೆ ಓದು, ತಿದ್ದಿಕೋ. ಮಕ್ಕಳಿಗೆ ಈ ಅಭ್ಯಾಸ ಆಗಲೇಬೇಕು ಅನ್ನೋದು ನನ್ನ ಹಟ, ಯಾಕಂದರೆ ಪರೀಕ್ಷೆ ಹಾಲ್‌ನಲ್ಲಿ ಪಕ್ಕದಲ್ಲಿ ಅಮ್ಮನೂ ಇರಲ್ಲ, ಮೊಬೈಲೂ ಇರಲ್ಲ.

4. ಎಷ್ಟು ಓದಿದರೂ ಸುಳಿವು ಸಿಗದಿದ್ದರೆ ನಿಘಂಟು ತೆಗೆಯಿರಿ. ಸಿಕ್ಕಿದ ಅರ್ಥವನ್ನು ಅದೇ ವಾಕ್ಯದಲ್ಲಿಟ್ಟು ಮತ್ತೊಮ್ಮೆ ಓದಿಸಿ, ಕೂರುತ್ತದಾ ನೋಡಿ. ಗೊತ್ತಿದೆ ಅಂದುಕೊಂಡ ಪದಗಳಿಗೂ ಈ ಪರೀಕ್ಷೆ ಬೇಕು, ಮೋಸ ಜಾಸ್ತಿ ಆಗೋದು ಅಲ್ಲೇ. 'ಕೆರೆಯ ಏರಿ ಒಡೆಯಿತು' ಅನ್ನೋ ಕಡೆ 'ಏರಿ'ಗೆ 'ಮೇಲಕ್ಕೆ ಹತ್ತಿ' ಅನ್ನೋ ಅರ್ಥ ಇಟ್ಟು ನೋಡಿ, ವಾಕ್ಯ ನಿಲ್ಲುವುದೇ ಇಲ್ಲ. ಇಲ್ಲಿ ಏರಿ ಅಂದರೆ ಕೆರೆಯ ನೀರನ್ನು ತಡೆದು ನಿಲ್ಲಿಸುವ ಮಣ್ಣಿನ ಕಟ್ಟೆ.