ಇಳಿಜಾರಿನ ಮರಳಲ್ಲಿ ಹೆಜ್ಜೆ ನಿಲ್ಲಿಸಿದ್ದು ಹೀಗೆ

ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಕೊಕೊನಿನೋ ಎಂಬ ಮರಳುಗಲ್ಲಿನ ಪದರದಲ್ಲಿ ಪ್ರಾಚೀನ ಪ್ರಾಣಿಗಳ ಹೆಜ್ಜೆಗಳಿವೆ. ಆ ಮರಳು ಮರುಭೂಮಿಯ ದಿಬ್ಬದ್ದೋ, ನೀರಿನಡಿಯದೋ ಎಂಬ ಮಾತೆತ್ತಿದರೆ ಅದೇ ತಗಾದೆ: ಮರಳುದಿಬ್ಬದ ಇಳಿಜಾರಿನಲ್ಲಿ ಬೆರಳಿನ ಗುರುತು ಇಷ್ಟು ಚೊಕ್ಕವಾಗಿ ನಿಂತೀತೇ? ಭೂವಿಜ್ಞಾನಿ ಎಡ್ವಿನ್ ಮೆಕ್ಕೀ 1940ರ ದಶಕದಲ್ಲೇ ಹಲ್ಲಿಗಳನ್ನು ಮರಳ ಮೇಲೆ ನಡೆಸಿ, ನಿಲ್ಲುತ್ತದೆ ಎಂದರು. 1979ರಲ್ಲಿ ಜೀವವಿಜ್ಞಾನಿ ಲೆನರ್ಡ್ ಬ್ರ್ಯಾಂಡ್ ಹಲ್ಲಿಯಂತೆ ಕಾಣುವ ಉಭಯಚರಿಗಳಾದ ಸ್ಯಾಲಮ್ಯಾಂಡರ್‌ಗಳನ್ನು ನೀರಿನಡಿ ನಡೆಸಿ, ಬಂಡೆಯ ಹೆಜ್ಜೆಗಳಿಗೆ ಹೋಲಿಕೆ ಅಲ್ಲೇ ಹೆಚ್ಚು ಎಂದರು. ಮರಳು ತುಂಬಿದ ಇಳಿಜಾರು ತಟ್ಟೆ ಕಟ್ಟಿ, ಪ್ರಾಣಿ ನಡೆಸಿ ನಾನೇ ನೋಡುತ್ತೇನೆ ಎಂದಾಗ ‘ಕುಸಿಯುತ್ತೆ ಬಿಡಿ’ ಎಂದವರೇ ಜಾಸ್ತಿ. ಮೂರು ಸಲ ಕುಸಿಯಿತು, ನಾಲ್ಕನೆಯದು ನಿಂತಿತು.

ತಟ್ಟೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಎರಡಿಂಚು ಮರಳು ತುಂಬಿದರೆ ಹತ್ತಿರ ಹತ್ತಿರ 45 ಕೆಜಿ. 6 ಮಿ.ಮೀ. ಪ್ಲೈವುಡ್ ನಡುವೆ ಬಾಗಿ ಮರಳು ಬಿರುಕುಬಿಟ್ಟಿತು, 12 ಮಿ.ಮೀ. ಹಾಕಿದ ಮೇಲೆ ಸರಿಹೋಯಿತು. ಒಂದು ತುದಿಯನ್ನು 20 ಇಂಚು ಎತ್ತಿದರೆ ಸುಮಾರು 25 ಡಿಗ್ರಿ.

ಎಂ-ಸ್ಯಾಂಡ್ ತಂದದ್ದು ದಂಡವಾಯಿತು. ಕಣಗಳು ಮೂಲೆಮೂಲೆಯಾಗಿವೆ, ಧೂಳೂ ಇದೆ. ಹೆಜ್ಜೆ ಸಿಮೆಂಟಿನಲ್ಲಿ ಒತ್ತಿದಂತೆ ಸುಳ್ಳು ಚೊಕ್ಕ. ಗಾಳಿ ತೂರಿದ ಮರಳು ದುಂಡಗೆ, ಒಂದೇ ಗಾತ್ರಕ್ಕಿರಬೇಕು. ಹೊಳೆಮರಳನ್ನು ನಾಲ್ಕು ನೀರಲ್ಲಿ ತೊಳೆದು, ಒಣಗಿಸಿ, ಮೈದಾ ಜರಡಿಯಲ್ಲಿ ಹಿಡಿದೆ.

ತೇವದ ಲೆಕ್ಕವೇ ಗುಟ್ಟು. ಅಡಿಯ ಮರಳಿಗೆ ಕೆಜಿಗೆ 30 ಮಿ.ಲೀ. ನೀರು, ಮೇಲೆ 3-4 ಮಿ.ಮೀ. ಒಣ ಮರಳು. ಪೂರ್ತಿ ಒಣಗಿದ್ದರೆ ಬೆರಳು ಮುಚ್ಚಿಹೋಗುತ್ತದೆ. ಪೂರ್ತಿ ಒದ್ದೆಯಾದರೆ ಕಾಲು ಊರುವುದೇ ಇಲ್ಲ. ನಡೆಸಿದ್ದು ಸಾಕಿದ ಗಿನಿಪಿಗ್‌ಗಳನ್ನು. ಏರುವಾಗ ಪ್ರತಿ ಹೆಜ್ಜೆಯ ಹಿಂದೆ ಅರ್ಧಚಂದ್ರದ ದಿಣ್ಣೆ ಎದ್ದಿತು. ಇಳಿಯುವಾಗ ಮರಳು ಜಾರಿ ಗುರುತು ಅಳಿಸಿತು. ಕೊಕೊನಿನೋದಲ್ಲಿ ಬಹುಪಾಲು ಹೆಜ್ಜೆಸಾಲುಗಳು ಏರುಮುಖವಾಗಿರುವುದು ಇದಕ್ಕೆ ಹೊಂದುತ್ತದೆ. ಗಿನಿಪಿಗ್ಗಳು ನೇರ ಏರುವಂತೆ ಮಾಡಿದ ಉಪಾಯವನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಗಟ್ಟಿಮಾಡಲು ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು. ಮೊದಲ ಸಲ ಅದು ಒಣ ಮರಳಿಗೆ ಇಳಿಯದೆ ಹನಿಗಟ್ಟಿ, ಗುಳಿ ಬಿದ್ದು, ತಟ್ಟೆಯೆಲ್ಲ ಹಾಳು. ನಾಲ್ಕು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮಂಜಿನಂತೆ ದೂರದಿಂದ ಸಿಂಪಡಿಸಿದರೆ ಸರಾಗ ಇಳಿಯುತ್ತದೆ. ಹಾಳಾದ ತಟ್ಟೆಯನ್ನು ಎಸೆಯಲಿಲ್ಲ: ಆ ಗುಳಿಗಳು ಥೇಟ್ ಮಳೆಹನಿ ಗುರುತು. ಕೊಕೊನಿನೋದಲ್ಲೂ ಅಂಥವು ದಾಖಲಾಗಿವೆ, ನೀರಿನಡಿ ಅವು ಮೂಡುವಂತಿಲ್ಲ.

ಒಳಪದರ ಕಾಣಲು ಮೊದಲು ಬಣ್ಣದ ರಂಗೋಲಿ ಪುಡಿ ಹಾಕಿದ್ದೆ. ಒದ್ದೆಯಾದೊಡನೆ ಬಣ್ಣ ಬಿಟ್ಟಿತು. ಇಟ್ಟಿಗೆ ಪುಡಿ ಬಿಡುವುದಿಲ್ಲ. ಪ್ರತಿ 3 ಮಿ.ಮೀ.ಗೆ ಒಂದು ಗೆರೆ ಹಾಕಿ, ಗಟ್ಟಿಯಾದ ಮೇಲೆ ಗರಗಸದಲ್ಲಿ ಸೀಳಿದೆ. ಮೂರನೆಯ ಗೆರೆಯವರೆಗೂ ಪಾದ ತಗ್ಗಿದೆ, ಬೆರಳು ಮಾತ್ರ ಮೊದಲನೆಯದರಲ್ಲೇ ಮಾಯ. ಬಂಡೆ ಸೀಳಿದಾಗ ಸಿಕ್ಕ ಮೊಂಡು ಗುರುತನ್ನು ಬೇರೆ ಪ್ರಾಣಿಯದೆಂದು ಎಣಿಸುವ ಮುನ್ನ ಇದನ್ನು ನೋಡಬೇಕು.

ಪಕ್ಕದಲ್ಲೇ ತೊಟ್ಟಿಯಲ್ಲಿ ಗದ್ದೆ ಏಡಿಯನ್ನೂ ನಡೆಸಿದೆ. ನೀರಿನಡಿಯೂ ಗುರುತು ಚೆನ್ನಾಗೇ ಬಂತು, ಅದನ್ನು ಒಪ್ಪಲೇಬೇಕು. ಹಾಗಾಗಿ ಗುರುತಿನ ಚೊಕ್ಕತನ ಹಿಡಿದು ಮರುಭೂಮಿಯೋ ನೀರೋ ಎಂದು ವಾದಿಸುವುದು ವ್ಯರ್ಥ. ಮಳೆಹನಿ, ಗಾಳಿಯ ಅಲೆಗೆರೆ, ಚೇಳಿನಂಥ ಜೀವಿಗಳ ಸಾಲು, ಇವು ಒಟ್ಟಿಗೆ ಇರುವುದರಿಂದಲೇ ನಾನು ಮರಳುದಿಬ್ಬದ ಪರ.

ಒಟ್ಟು ಖರ್ಚು ಮೂರೂವರೆ ಸಾವಿರದ ಆಸುಪಾಸು. ಈಗ ತಟ್ಟೆ 30 ಡಿಗ್ರಿಗೆ ಏರಿದೆ. ಎರಡೇ ಹೆಜ್ಜೆಗೆ ಮರಳು ಜಾರುತ್ತಿದೆ. ತೇವವನ್ನು ಕೆಜಿಗೆ 40 ಮಿ.ಲೀ. ಮಾಡಿ ನೋಡಬೇಕು.