ತುಳಸಿಗೆ ಹಾಕಿದ ಹಾಗೆ ಆರ್ಕಿಡ್‌ಗೆ ನೀರು ಹಾಕಬೇಡಿ

ನಮ್ಮ ಮನೆಯಲ್ಲಿ ಈಗ ಹನ್ನೊಂದು ಆರ್ಕಿಡ್ ಗಿಡಗಳಿವೆ. ಮೊಟ್ಟಮೊದಲು ಬಂದ ಗಿಡ ಮಾತ್ರ ಇಲ್ಲ. ಅದನ್ನು ಕೊಂದವಳು ನಾನೇ.

ಮಗ ಬೆಂಗಳೂರಿನಿಂದ ತಂದಿದ್ದ. ಬಿಳಿ ಹೂವು, ನಡುವೆ ಒಂದು ಚಿಟಿಕೆ ಅರಿಶಿನ ಬಣ್ಣ, ಒಂದೇ ಕಡ್ಡಿಯಲ್ಲಿ ಸಾಲಾಗಿ ಒಂಬತ್ತು. ಬೆಳಗ್ಗೆ ಸ್ನಾನ ಮುಗಿಸಿ ತುಳಸಿಗೆ ಒಂದು ಚೆಂಬು ನೀರು ಹಾಕುವುದು ನನಗೆ ಮದುವೆಯಾದಾಗಿನಿಂದ ಬಂದ ಅಭ್ಯಾಸ. ಚೆಂಬಿನಲ್ಲಿ ಉಳಿದ ನೀರನ್ನು ಇದಕ್ಕೂ ಹಾಕುತ್ತಿದ್ದೆ. ಎರಡು ತಿಂಗಳು ಹೂವು ಅಲ್ಲಾಡಲಿಲ್ಲ. ನನ್ನ ಕೈಗುಣ ಅಂತ ನಾನೂ ಬೀಗಿದೆ. ಆಮೇಲೆ ಎಲೆ ಜೋತುಬಿತ್ತು. ಬಾಯಾರಿಕೆ ಇರಬೇಕು ಅಂತ ಇನ್ನೂ ಜಾಸ್ತಿ ಹಾಕಿದೆ. ಒಂದು ದಿನ ಎಲೆ ಒರೆಸೋಣ ಅಂತ ಹಿಡಿದರೆ ಗಿಡದ ಮೇಲ್ಭಾಗ ಪೂರ್ತಿ ಕೈಗೇ ಬಂತು.

ಕುಂಡ ಬಗ್ಗಿಸಿ ನೋಡಿದೆ. ಮೇಲೆ ತೊಗಟೆ ಚೂರು ಒಣಗಿ ಗರಿಗರಿ ಅನ್ನುತ್ತಿತ್ತು. ಒಳಗೆ ನಟ್ಟನಡುವೆ ಒಂದು ಹಿಡಿ ಪಾಚಿಯ ಉಂಡೆ. ಹಿಂಡಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಇಳಿಯಿತು. ನರ್ಸರಿಯಲ್ಲಿ ಸಣ್ಣ ಸಸಿಯನ್ನು ಪಾಚಿಯಲ್ಲಿ ಬೆಳೆಸುತ್ತಾರೆ. ಅದು ಬೆಳೆದ ಮೇಲೆ ಉಂಡೆಸಮೇತ ದೊಡ್ಡ ಕುಂಡಕ್ಕೆ ಇಳಿಸುತ್ತಾರೆ. ಅಲ್ಲಿ ಅವರಿಗೆ ಲೆಕ್ಕ ಗೊತ್ತಿರುತ್ತದೆ, ನಡೆಯುತ್ತದೆ. ನಮ್ಮ ಮನೆಗೆ ಬಂದ ಮೇಲೆ ಆ ಉಂಡೆಯೇ ಯಮ. ಆದ್ದರಿಂದ ಹೊಸ ಗಿಡ ತಂದವರಿಗೆ ನನ್ನ ಮೊದಲ ಮಾತು: ಹೂವು ಮುಗಿದ ಕೂಡಲೇ ಕುಂಡದಿಂದ ತೆಗೆದು ನಡುವೆ ಏನಿದೆ ನೋಡಿ. ಪಾಚಿ ಇದ್ದರೆ ಬೇರಿಗೆ ನೋವಾಗದಂತೆ ಬಿಡಿಸಿ ತೆಗೆಯಿರಿ. ಇನ್ನೊಂದು, ಅಂದಕ್ಕೆ ಅಂತ ಹೊರಗಡೆ ಒಂದು ಪಿಂಗಾಣಿ ಕುಂಡ ಕೊಟ್ಟಿರುತ್ತಾರೆ. ಅದಕ್ಕೆ ತಳದಲ್ಲಿ ತೂತೇ ಇರುವುದಿಲ್ಲ. ಅದನ್ನು ಸ್ಪೂನ್ ಇಡೋಕೆ ಬಳಸಿಕೊಳ್ಳಿ.

ಈ ಗಿಡ ಮಣ್ಣಿನದ್ದಲ್ಲ. ನಾವು ಮನೆಯಲ್ಲಿ ಬೆಳೆಸುವ ಹೆಚ್ಚಿನ ಆರ್ಕಿಡ್‌ಗಳು ಮರದ ಕೊಂಬೆ ಹಿಡಿದು ಬದುಕುವಂಥವು. ಮಲೆನಾಡಿನವರು ಸೀತಾಳೆ ದಂಡೆ ಅನ್ನುವುದೂ ಇದೇ ಕುಲದ್ದು. ಮಾವಿನ ಮರಕ್ಕೆ ಬರುವ ಬದನಿಕೆಯ ಜೊತೆ ಇದನ್ನು ಸೇರಿಸಬೇಡಿ ಪಾಪ. ಬದನಿಕೆ ಕೊಂಬೆಯೊಳಗೆ ಬೇರು ಇಳಿಸಿ ಮರದ ರಸ ಕುಡಿಯುತ್ತದೆ. ಆರ್ಕಿಡ್ ಸುಮ್ನೆ ಕೂತಿರುತ್ತದೆ, ಅಷ್ಟೇ. ಮಳೆ ಬಂದಾಗ ಬೇರು ನೆನೆಯುತ್ತದೆ, ಗಾಳಿ ಬೀಸಿದಾಗ ಆರುತ್ತದೆ. ಮತ್ತೆ ನೆನೆಯುತ್ತದೆ, ಮತ್ತೆ ಆರುತ್ತದೆ. ನಾವು ಕುಂಡದಲ್ಲಿ ಮಾಡಬೇಕಾದ್ದೂ ಇದನ್ನೇ. ಚೆನ್ನಾಗಿ ನೆನೆಸಬೇಕು, ಆಮೇಲೆ ಆರಲು ಬಿಡಬೇಕು. ದಿನಾ ಒಂದೊಂದು ಗುಟುಕು ಕುಡಿಸಿದರೆ ನೆನೆಯುವುದೂ ಅರ್ಧ, ಆರುವುದೂ ಅರ್ಧ.

ಯಾವಾಗ ಹಾಕಬೇಕು? ಬೇರು ನೋಡಿ. ಆರ್ಕಿಡ್ ಬೇರಿನ ಮೇಲೆ ಸ್ಪಂಜಿನಂಥ ಒಂದು ಪದರ ಇರುತ್ತದೆ. ಒಣಗಿದಾಗ ಬೂದು ಬಿಳುಪು, ಬೆಳ್ಳಿ ಬಣ್ಣ. ನೀರು ಬಿದ್ದ ನಿಮಿಷಕ್ಕೆ ಹಸಿರಾಗುತ್ತದೆ. ನೋಡಲಿಕ್ಕೇ ಒಂದು ಚೆಂದ. ಬೇರು ಹಸಿರಿದ್ದರೆ ಕೈ ಕಟ್ಟಿಕೊಂಡು ಕೂತುಕೊಳ್ಳಿ. ಪೂರ್ತಿ ಬೆಳ್ಳಿ ಬಣ್ಣಕ್ಕೆ ತಿರುಗಿದರೆ ಹಾಕಿ. ಅದಕ್ಕೇ ಫಲೆನಾಪ್ಸಿಸ್‌ಗೆ (ಮಗ ತಂದಿದ್ದನಲ್ಲ, ಆ ಬಗೆಯ ಆರ್ಕಿಡ್) ನಾನು ಪಾರದರ್ಶಕ ಪ್ಲಾಸ್ಟಿಕ್ ಕುಂಡ ಬಳಸುತ್ತೇನೆ, ಬೇರು ಕಾಣಲಿ ಅಂತ. ಮಣ್ಣಿನ ಕುಂಡವಾದರೆ ಎತ್ತಿ ತೂಕ ನೋಡಿ. ನೀರು ಹಾಕಿದ ದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ ಎತ್ತಿದರೆ ಕೈಗೇ ಗೊತ್ತಾಗುತ್ತದೆ. ಸಿಲಿಂಡರ್ ಎತ್ತಿ ಗ್ಯಾಸ್ ಎಷ್ಟಿದೆ ಹೇಳುವ ನಮಗೆ ಇದೇನು ಮಹಾ? ಇನ್ನೂ ಅನುಮಾನ ಇದ್ದರೆ ಬಿದಿರು ಕಡ್ಡಿಯೊಂದನ್ನು ಬೇರಿಗೆ ತಾಗದ ಹಾಗೆ ಕುಂಡದ ನಡುವಿಗೆ ಚುಚ್ಚಿ. ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಕಡ್ಡಿ ತೇವವಾಗಿದ್ದರೆ ಇನ್ನೂ ಸಮಯ ಇದೆ ಅಂತ.

ಹಾಕುವುದು ಬೆಳಗ್ಗೆಯೇ. ಸಿಂಕಿನಲ್ಲೋ ಬಚ್ಚಲಲ್ಲೋ ಇಟ್ಟು, ತಳದ ತೂತಿನಿಂದ ಧಾರಾಳವಾಗಿ ಇಳಿದು ಹೋಗುವಷ್ಟು ಹಾಕಿ. ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಆಮೇಲೆ ತೊಟ್ಟಿಕ್ಕುವುದು ನಿಂತ ಮೇಲೆ ಅದರ ಜಾಗಕ್ಕೆ. ತಟ್ಟೆಯಲ್ಲಿ ನೀರು ನಿಲ್ಲಬಾರದು. ಬಕೆಟ್ಟಿನಲ್ಲಿ ಹತ್ತು ನಿಮಿಷ ಮುಳುಗಿಸಿ ಇಡುವುದೂ ಒಳ್ಳೆಯದೇ. ಆದರೆ ಒಂದೇ ಬಕೆಟ್ ನೀರಿನಲ್ಲಿ ಎಲ್ಲ ಕುಂಡಗಳನ್ನೂ ಒಂದಾದ ಮೇಲೆ ಒಂದು ಅದ್ದಬೇಡಿ. ಒಂದಕ್ಕೆ ಬೇರು ಕೊಳೆ ಇದ್ದರೆ ಎಲ್ಲಕ್ಕೂ ಹಂಚಿದಂತಾಗುತ್ತದೆ.

ಸುಳಿಗೆ ನೀರು ಬೀಳದಂತೆ ನೋಡಿಕೊಳ್ಳಿ. ತಿಪಟೂರು, ಗುಬ್ಬಿ ಕಡೆ ತೆಂಗಿನ ತೋಟ ಇರುವವರಿಗೆ ಸುಳಿ ಕೊಳೆ ಅಂದರೆ ಬಿಡಿಸಿ ಹೇಳಬೇಕಿಲ್ಲ. ತೆಂಗಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಮರ ಹೋಯಿತು. ಫಲೆನಾಪ್ಸಿಸ್‌ಗೂ ಹಾಗೇ ಒಂದೇ ಸುಳಿ. ಎಲೆಗಳು ಸೇರುವ ಆ ಬಟ್ಟಲಿನಲ್ಲಿ ರಾತ್ರಿಯಿಡೀ ನೀರು ನಿಂತರೆ ಕೊಳೆಯುತ್ತದೆ. ಅಪ್ಪಿತಪ್ಪಿ ಬಿದ್ದರೆ ಹಳೆ ಹತ್ತಿ ಸೀರೆಯ ಚೂರಿನ ತುದಿ ಇಳಿಸಿ ಹೀರಿಸಿಬಿಡಿ.

ಇನ್ನು ಎಂಥ ನೀರು ಅನ್ನುವುದು. ನಮ್ಮ ತುಮಕೂರು ಜಿಲ್ಲೆಯಲ್ಲಿ ಇದೇ ದೊಡ್ಡ ವಿಷಯ, ಆದರೆ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಲೆನಾಡಿನ ನೆಂಟರು ‘ನಮ್ಮಲ್ಲಿ ತಾನೇ ಬರುತ್ತೆ ಕಣೇ’ ಅನ್ನುತ್ತಾರೆ. ಅವರದು ಮಳೆ ನೀರು, ನಮ್ಮದು ಬೋರ್‌ವೆಲ್. ನನ್ನ ಅಳತೆಗೋಲು ಸುಲಭ: ಯಾವ ನೀರಿನಲ್ಲಿ ತೊಗರಿಬೇಳೆ ಚೆನ್ನಾಗಿ ಬೇಯುತ್ತದೋ ಅದು ಆರ್ಕಿಡ್‌ಗೂ ಆಗುತ್ತದೆ. ಬೇಳೆ ಕಾಳುಕಾಳಾಗಿ ಉಳಿಯುವ, ಸೋಪು ನೊರೆ ಬಾರದ ನೀರಿನಲ್ಲಿ ಸುಣ್ಣ, ಉಪ್ಪು ಜಾಸ್ತಿ. ಅದು ಬೇರಿನ ಮೇಲೆ ಕೂರುತ್ತದೆ, ಬೇರಿನ ತುದಿ ಸುಡುತ್ತದೆ, ಎಲೆಯ ತುದಿ ಕಂದಾಗುತ್ತದೆ. ಕುಂಡದ ಅಂಚಿನಲ್ಲಿ ಗೀಸರ್ ಕಾಯಿಲಿಗೆ ಹಿಡಿದ ಹಾಗೆ ಬಿಳಿ ಪದರ ಕಂಡರೆ ಅದೇ ಅಂತ ತಿಳಿಯಿರಿ. ಪಾವಗಡದಲ್ಲಿರುವ ನನ್ನ ತಂಗಿಯ ಮನೆಯಲ್ಲಿ ಎರಡು ಗಿಡ ಹೀಗೇ ಸೊರಗಿದವು. ಅವಳು ನೀರು ಜಾಸ್ತಿಯೂ ಹಾಕಿರಲಿಲ್ಲ, ಕಡಿಮೆಯೂ ಹಾಕಿರಲಿಲ್ಲ.

ತುಮಕೂರಿನಲ್ಲಿ ನಲ್ಲಿಗೆ ಹೇಮಾವತಿ ಬಂದ ದಿನ ನಾನು ಎರಡು ಬಿಂದಿಗೆ ಎತ್ತಿಡುತ್ತೇನೆ. ಬ್ಲೀಚಿಂಗ್ ವಾಸನೆ ಹೋಗಲಿ ಅಂತ ಒಂದು ರಾತ್ರಿ ಬಾಯಿ ತೆರೆದು ಬಿಡುತ್ತೇನೆ. ಎಲ್ಲಕ್ಕಿಂತ ಒಳ್ಳೆಯದು ಮಳೆ ನೀರು. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತಾನೇ, ಉತ್ತರೆ, ಹಸ್ತ, ಚಿತ್ತೆ ಅಂತ. ಮೊದಲ ಎರಡು ಮಳೆ ತಾರಸಿಯ ಧೂಳು, ಹಕ್ಕಿ ಹಿಕ್ಕೆ ತೊಳೆದು ಹೋಗಲಿ, ಆಮೇಲೆ ಡ್ರಮ್ಮಿಗೆ ಹಿಡಿಯಿರಿ. ಬಾಯಿಗೆ ಬಟ್ಟೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ. ಹನ್ನೊಂದು ಗಿಡಕ್ಕೆ ಒಂದು ಡ್ರಮ್ 200 ಲೀಟರ್ ಮಳೆ ನೀರು ನನಗೆ ಬಹಳ ದಿನ ಬರುತ್ತದೆ. ಬೋರ್ ನೀರು ಬಿಟ್ಟು ಗತಿಯೇ ಇಲ್ಲ ಅನ್ನುವವರು ಆರ್‌ಓ ಫಿಲ್ಟರಿನ ಕುಡಿಯುವ ನೀರು ಹಾಕಿ. ಆ ಫಿಲ್ಟರಿನ ಇನ್ನೊಂದು ಪೈಪಿನಲ್ಲಿ ವ್ಯರ್ಥ ಹೋಗುವ ನೀರನ್ನು ಮಾತ್ರ ಬೇಡ. ನೆಲ ಒರೆಸಲು ಅದು ಸರಿ. ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ.

ಅಕ್ಕಿ ತೊಳೆದ ನೀರು? ಕರಿಬೇವಿಗೆ ಹಾಕಿ. ಇಲ್ಲಿ ಬೇಡ. ಗಂಜಿ ಅಂಶ ತೊಗಟೆಯ ನಡುವೆ ಹುಳಿತು ವಾಸನೆ ಬರುತ್ತದೆ, ಸಣ್ಣ ನೊಣ ಆಗುತ್ತವೆ. ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು, ಮಜ್ಜಿಗೆ, ಟೀ ಚರಟ ಎಲ್ಲಕ್ಕೂ ಇದೇ ಉತ್ತರ. ವಾರಕ್ಕೆ ಮೂರು ಐಸ್ ತುಂಡು ಇಡಿ ಅಂತ ಯಾರೋ ಹೇಳಿದ್ದನ್ನು ಸೊಸೆ ತೋರಿಸಿದಳು. ಅದರಿಂದ ಗಿಡ ಸಾಯುವುದಿಲ್ಲ ಇರಬಹುದು. ಆದರೆ ಮೂರು ತುಂಡು ಐಸ್ ಕರಗಿದ ನೀರಿಗೆ ಕುಂಡದಲ್ಲಿ ಕೂತ ಉಪ್ಪನ್ನು ತೊಳೆಯುವ ಶಕ್ತಿ ಎಲ್ಲಿಂದ ಬರಬೇಕು?

ದಿನಗಳ ಲೆಕ್ಕ ಕೇಳುವವರಿಗೆ ಒಂದು ಅಂದಾಜು ಹೇಳುತ್ತೇನೆ, ಬೇರು ನೋಡುವುದನ್ನು ಬಿಡಬೇಡಿ. ಮನೆಯೊಳಗಿನ ಫಲೆನಾಪ್ಸಿಸ್‌ಗೆ ಬೇಸಿಗೆಯಲ್ಲಿ ನಾಲ್ಕೈದು ದಿನಕ್ಕೊಮ್ಮೆ, ಚಳಿಯಲ್ಲಿ ಮತ್ತು ಜಡಿ ಮಳೆಯಲ್ಲಿ ಎಂಟು ಹತ್ತು ದಿನಕ್ಕೊಮ್ಮೆ. ತಾರಸಿಯಲ್ಲಿ ಹಸಿರು ನೆಟ್ ಕೆಳಗಿರುವ ಡೆಂಡ್ರೋಬಿಯಂ ಅನ್ನುವ ಇನ್ನೊಂದು ಬಗೆಯ ಆರ್ಕಿಡ್ ಇದ್ದಿಲಿನಲ್ಲಿದ್ದರೆ ಏಪ್ರಿಲ್ ಬಿಸಿಲಿಗೆ ದಿನಾ ಬೇಕಾಗುತ್ತದೆ. ಅದರ ದಪ್ಪ ಕಾಂಡದಲ್ಲಿ ನೀರು ಸಂಗ್ರಹ ಇರುತ್ತದೆ, ಒಂದು ದಿನ ಮರೆತರೆ ಮುನಿಸಿಕೊಳ್ಳುವುದಿಲ್ಲ. ವಾಂಡ ಅನ್ನುವ ಮತ್ತೊಂದು ಬಗೆ ಬೇರು ಬಿಟ್ಟುಕೊಂಡು ಬುಟ್ಟಿಯಲ್ಲಿ ತೂಗುತ್ತದೆ, ಅದಕ್ಕೆ ಬೇಸಿಗೆಯಲ್ಲಿ ಬೆಳಗ್ಗೆ ದಿನಾ ಸ್ನಾನ ಆಗಲೇಬೇಕು, ಕೆಲವೊಮ್ಮೆ ಮಧ್ಯಾಹ್ನದ ಮೊದಲು ಇನ್ನೊಂದು ಸಲ. ಕೆಲಸಕ್ಕೆ ಹೋಗುವವರು ವಾಂಡದ ಆಸೆ ಬಿಡಿ. 36, 37 ಡಿಗ್ರಿ ಮುಟ್ಟುವ ನಮ್ಮ ಒಣ ಬಿಸಿಲಿಗೆ ಬರೀ ನೀರು ಸಾಲದು, ಗಾಳಿಯಲ್ಲೂ ತೇವ ಬೇಕು. ಅಂಗಳಕ್ಕೆ ಚಿಮುಕಿಸುವ ಹಾಗೆ ಕುಂಡದ ಸುತ್ತ ನೆಲಕ್ಕೆ ನೀರು ಚಿಮುಕಿಸಿ. ಒಳಗಾದರೆ ಅಗಲ ತಟ್ಟೆಯಲ್ಲಿ ಜಲ್ಲಿಕಲ್ಲು ಹಾಕಿ ನೀರು ಬಿಟ್ಟು, ಕಲ್ಲಿನ ಮೇಲೆ ಕುಂಡ ಇಡಿ. ತಳ ನೀರಿಗೆ ಮುಟ್ಟಬಾರದು.

ಎಲೆ ಜೋತುಬಿದ್ದಾಗ ಗಾಬರಿಯಾಗಿ ಚೆಂಬು ಹಿಡಿಯಬೇಡಿ. ನೀರು ಕಡಿಮೆಯಾದರೂ ಹಾಗೇ ಆಗುತ್ತದೆ, ಜಾಸ್ತಿಯಾಗಿ ಬೇರು ಕೊಳೆತರೂ ಹಾಗೇ. ಕುಂಡದಿಂದ ತೆಗೆದು ಬೇರು ಹಿಸುಕಿ ನೋಡಿ. ಗಟ್ಟಿ ಇದ್ದರೆ ಬಾಯಾರಿಕೆ. ಬೇಯಿಸಿದ ಶಾವಿಗೆ ಥರ ಮೆತ್ತಗಿದ್ದು ಸಿಪ್ಪೆ ಜಾರಿ ಒಳಗೆ ದಾರ ಉಳಿದರೆ ಕೊಳೆ. ಅಂಥ ಬೇರನ್ನೆಲ್ಲ ಕತ್ತರಿಸಿ ತೆಗೆಯಿರಿ. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಗ್ಯಾಸ್ ಉರಿಗೆ ಹಿಡಿಯಿರಿ, ಆರ್ಕಿಡ್‌ನ ವೈರಸ್ ರೋಗ ಹರಡುವುದು ಹೀಗೇ. ಕತ್ತರಿಸಿದ ಗಾಯಕ್ಕೆ ಮಾತ್ರ ಚಕ್ಕೆ ಪುಡಿ ಹಚ್ಚಿ, ಒಳ್ಳೆ ಬೇರಿಗೆ ತಾಗಿಸಬೇಡಿ, ಒಣಗಿಸಿಬಿಡುತ್ತದೆ. ಆಮೇಲೆ ಚಿಕ್ಕ ಕುಂಡಕ್ಕೆ ಹಾಕಿ. ಬೇರು ಕಡಿಮೆಯಾದ ಗಿಡಕ್ಕೆ ದೊಡ್ಡ ಕುಂಡ ಕೊಟ್ಟರೆ ಮತ್ತೆ ಒದ್ದೆ ನಿಲ್ಲುತ್ತದೆ.

ಕುಂಡಕ್ಕೆ ತುಂಬುವ ಸಾಮಾನು ನಮ್ಮೂರಿನಲ್ಲಿ ಬೇಕಾದಷ್ಟಿದೆ. ಕಾಯಿ ಸುಲಿದ ಮಟ್ಟೆ ಮೊದಲು ನಮ್ಮಲ್ಲಿ ನೀರೊಲೆಗೆ ಹೋಗುತ್ತಿತ್ತು. ಈಗ ನಾನು ಹೆಬ್ಬೆರಳಿನಷ್ಟು ಚೂರು ಮಾಡಿ ಬಕೆಟ್ಟಿನಲ್ಲಿ ನೆನೆಹಾಕುತ್ತೇನೆ. ಮೂರು ದಿನ, ದಿನಾ ನೀರು ಬದಲಿಸಬೇಕು. ಮೊದಲ ದಿನ ಡಿಕಾಕ್ಷನ್ ಬಣ್ಣ ಬಿಡುತ್ತದೆ. ಬಣ್ಣ ತಿಳಿಯಾದ ಮೇಲೆ ಬಳಸಿ. ಒಗರು, ಉಪ್ಪು ಎರಡೂ ಇಳಿದಿರುತ್ತದೆ. ಮಟ್ಟೆ ನೀರು ಹಿಡಿದಿಡುತ್ತದೆ, ಆದ್ದರಿಂದ ಅದೊಂದನ್ನೇ ತುಂಬಬೇಡಿ. ಅರ್ಧಕ್ಕಿಂತ ಹೆಚ್ಚು ಇದ್ದಿಲು, ಒಡೆದ ಹೆಂಚಿನ ಚೂರು ಸೇರಿಸಿ. ಇಸ್ತ್ರಿ ಅಂಗಡಿಯಲ್ಲಿ ಕೇಳಿದರೆ ಮರದ ಇದ್ದಿಲು ಸಿಗುತ್ತದೆ. ಎರಡು ವರ್ಷಕ್ಕೆ ಮಟ್ಟೆ ಪುಡಿಯಾಗಿ ಗಾಳಿ ಆಡದಂತಾಗುತ್ತದೆ, ಆಗ ಬದಲಿಸಿ. ಹೊಸ ಬೇರು ಚಿಗುರುವ ಹೊತ್ತಿನಲ್ಲಿ ಮಾಡಿದರೆ ಗಿಡ ಬೇಗ ಸುಧಾರಿಸುತ್ತದೆ.

ಬೆಳಕು ಎಷ್ಟು ಅಂತ ಎಲೆಯೇ ಹೇಳುತ್ತದೆ. ಕಡು ಹಸಿರಾಗಿ ಮಿಂಚುತ್ತಿದ್ದರೆ ನಾವು ಆರೋಗ್ಯ ಅಂದುಕೊಳ್ಳುತ್ತೇವೆ, ಅದು ಬೆಳಕು ಸಾಲದ ಗುರುತು. ಎಳೆ ಹುಲ್ಲಿನ ಬಣ್ಣ ಸರಿ. ಪೂರ್ವದ ಕಿಟಕಿ ಫಲೆನಾಪ್ಸಿಸ್‌ಗೆ ಹೇಳಿ ಮಾಡಿಸಿದ ಜಾಗ. ಪಡುವಣ ಗೋಡೆ ಬೇಡವೇ ಬೇಡ.

ಗೊಬ್ಬರ ಚಿಟಿಕೆ ಸಾಕು. ಗೊಬ್ಬರದ ಅಂಗಡಿಯಲ್ಲಿ ಸಿಗುವ 19:19:19 ಪುಡಿಯನ್ನು ಎರಡು ಲೀಟರ್ ನೀರಿಗೆ ಕಾಲು ಟೀ ಚಮಚ, ಹದಿನೈದು ದಿನಕ್ಕೊಮ್ಮೆ. ಮೊದಲು ಬರೀ ನೀರು ಹಾಕಿ ಬೇರು ನೆನೆದ ಮೇಲೆಯೇ ಇದು. ತಿಂಗಳಿಗೊಮ್ಮೆ ಗೊಬ್ಬರ ಇಲ್ಲದ ಒಳ್ಳೆ ನೀರಿನಿಂದ ಕುಂಡ ಪೂರ್ತಿ ತೊಳೆದು ಹೋಗುವ ಹಾಗೆ ಸುರಿಯಿರಿ. ಬಿಳಿ ಹಿಟ್ಟು ತಿಗಣೆ ಕಂಡರೆ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿ, ವಾರ ಬಿಟ್ಟು ಮತ್ತೆ ಒರೆಸಿ.

ಹೂವು ಉದುರಿದ ಮೇಲೆ ಗಿಡ ಎಸೆಯುವವರನ್ನು ಕಂಡಿದ್ದೇನೆ, ಹೊಟ್ಟೆ ಉರಿಯುತ್ತದೆ. ಫಲೆನಾಪ್ಸಿಸ್ ಕಡ್ಡಿ ಇನ್ನೂ ಹಸಿರಿದ್ದರೆ ಕೆಳಗಿನಿಂದ ಎರಡನೆಯ ಅಥವಾ ಮೂರನೆಯ ಗಿಣ್ಣಿನ ಮೇಲೆ ಕತ್ತರಿಸಿ, ಕವಲೊಡೆದು ಮತ್ತೆ ಬಿಡಬಹುದು. ಗಿಡ ಸೋತಂತಿದ್ದರೆ ಬುಡದಲ್ಲೇ ತೆಗೆದು ವಿಶ್ರಾಂತಿ ಕೊಡಿ. ಡೆಂಡ್ರೋಬಿಯಂನ ಎಲೆ ಇಲ್ಲದ ಹಳೆ ಕಾಂಡ ಒಣಕಲು ಅಂತ ಕತ್ತರಿಸಬೇಡಿ. ಅದು ಗಿಡದ ಉಗ್ರಾಣ, ಎಷ್ಟೋ ಸಲ ಅದರ ತುದಿಯಲ್ಲೇ ಹೂವು ಬರುತ್ತದೆ. ಫಲೆನಾಪ್ಸಿಸ್ ಹೊಸ ಕಡ್ಡಿ ಹಾಕಲು ಕೆಲವು ವಾರ ತಂಪು ಬೇಕು, ಹೆಚ್ಚು ಹೊತ್ತು 25 ಡಿಗ್ರಿಯ ಒಳಗೆ. ನಮ್ಮ ಡಿಸೆಂಬರ್, ಜನವರಿಯ ರಾತ್ರಿಗಳು ಅದಕ್ಕೆ ಸರಿಹೋಗುತ್ತವೆ. ಆ ತಿಂಗಳುಗಳಲ್ಲಿ ಕಿಟಕಿ ಹತ್ತಿರವೇ ಇಡಿ, ಬೆಚ್ಚಗಿರಲಿ ಅಂತ ಅಡುಗೆಮನೆಗೆ ಒಯ್ಯಬೇಡಿ.

ನಾಲ್ಕೈದು ದಿನ ಊರಿಗೆ ಹೋಗುವುದಿದ್ದರೆ ಹೊರಡುವ ಬೆಳಗ್ಗೆ ಎಲ್ಲಕ್ಕೂ ಚೆನ್ನಾಗಿ ನೀರು ಕುಡಿಸಿ, ಡೆಂಡ್ರೋಬಿಯಂಗಳನ್ನು ತಾರಸಿಯಿಂದ ಇಳಿಸಿ ನೆರಳಿಗೆ ತರುತ್ತೇನೆ. ತುಳಸಿಗೆ ನೀರು ಹಾಕಲು ಪಕ್ಕದ ಮನೆಯವರಿಗೆ ಗೇಟಿನ ಕೀ ಕೊಡುತ್ತೇನೆ. ತುಂಬಾ ಒಳ್ಳೆಯವರು, ಕೈ ಧಾರಾಳ. ಆದ್ದರಿಂದಲೇ ಆರ್ಕಿಡ್ ಇರುವ ಕೋಣೆಗೆ ಬೀಗ ಹಾಕಿ, ಆ ಕೀಯನ್ನು ನನ್ನ ಪರ್ಸಿನಲ್ಲೇ ಇಟ್ಟುಕೊಂಡು ಹೋಗುತ್ತೇನೆ.