ಶ್ವಾಸಕೋಶ ತೆಗೆದ ಮೇಲೆ ಉಳಿಯುವ ತುದಿ

ಕ್ಯಾನ್ಸರ್‌ಗಾಗಿ ಒಂದು ಬದಿಯ ಶ್ವಾಸಕೋಶವನ್ನು ಪೂರ್ತಿ ತೆಗೆಯುವಾಗ ಹೊಸದಾಗಿ ಕಲಿಯುವವರ ಗಮನವೆಲ್ಲ ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪಲ್ಮನರಿ ಆರ್ಟರಿಯ ಮೇಲೆ. ಅದು ಹರಿದರೆ ಗತಿಯೇನು ಎಂಬ ಭಯ ಸಹಜ. ನನ್ನ ನಿದ್ದೆ ಕೆಡಿಸಿರುವುದು ಮಾತ್ರ ಕತ್ತರಿಸಿ ಮುಚ್ಚಿದ ಬ್ರಾಂಕಸ್ಸಿನ, ಅಂದರೆ ಆ ಶ್ವಾಸಕೋಶಕ್ಕೆ ಗಾಳಿ ಒಯ್ಯುವ ಕೊಳವೆಯ, ತುದಿ. ಹಾಗಾಗಿ ಅದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು, ಪೂರ್ತಿ ತೆಗೆಯಲೇಬೇಕೇ ಎಂದು ಕೇಳಿಕೊಳ್ಳಿ. ಸ್ಲೀವ್ ಲೋಬೆಕ್ಟಮಿಯಲ್ಲಿ (ಶ್ವಾಸಕೋಶದ ಒಂದು ಹಾಲೆಯನ್ನೂ ಬ್ರಾಂಕಸ್ಸಿನ ಒಂದು ತುಂಡನ್ನೂ ತೆಗೆದು ತುದಿಗಳನ್ನು ಜೋಡಿಸುವುದು) ಗಡ್ಡೆ ಪೂರ್ತಿ ಬರುವುದಾದರೆ ಅದನ್ನೇ ಮಾಡಿ. ಆಪರೇಷನ್ ನಂತರ ಉಳಿಯುವ ಎಫ್‌ಇವಿ1 (ಜೋರಾಗಿ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ), ಡಿಎಲ್‌ಸಿಒ (ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ದಾಟುವ ಸಾಮರ್ಥ್ಯ) ಎರಡರ ಅಂದಾಜೂ ಸಹಜ ಮಟ್ಟದ 60%ಕ್ಕಿಂತ ಮೇಲಿದ್ದರೆ ಧೈರ್ಯವಾಗಿ ಮುಂದುವರಿಯಿರಿ. ಒಂದಾದರೂ 30%ಕ್ಕಿಂತ ಕೆಳಗಿದ್ದರೆ ವ್ಯಾಯಾಮ ಪರೀಕ್ಷೆ ಆಗದೆ ರೋಗಿಯನ್ನು ಟೇಬಲ್ಲಿಗೆ ತರಬೇಡಿ.

1933ರಲ್ಲಿ, ಕ್ಯಾನ್ಸರ್‌ಗಾಗಿ ಒಂದು ಬದಿಯ ಶ್ವಾಸಕೋಶವನ್ನು ಮೊದಲು ಯಶಸ್ವಿಯಾಗಿ ಒಂದೇ ಸಲಕ್ಕೆ ಪೂರ್ತಿ ತೆಗೆದ ಅಮೆರಿಕದ ಸರ್ಜನ್ ಎವಾರ್ಟ್ಸ್ ಗ್ರಹಾಂ ಶ್ವಾಸಕೋಶದ ಬುಡವನ್ನೆಲ್ಲ ಒಟ್ಟಾಗಿ ಕಟ್ಟಿದ್ದರು. ನಾವು ಆರ್ಟರಿ, ಎರಡು ವೇನ್, ಬ್ರಾಂಕಸ್ ಎಂದು ಬಿಡಿಬಿಡಿಯಾಗಿ ಹಿಡಿಯುತ್ತೇವೆ. ಪಕ್ಕೆಲುಬು ಅಗಲಿಸುವ ಮೊದಲೇ ಪಕ್ಕೆಲುಬುಗಳ ನಡುವಿನ ಇಂಟರ್‌ಕಾಸ್ಟಲ್ ಸ್ನಾಯುವಿನ ಪಟ್ಟಿಯನ್ನು, ಕೊನೆಗೆ ತುದಿಗೆ ಹೊದಿಸಲೆಂದು, ಬಿಡಿಸಿಟ್ಟುಕೊಳ್ಳಿ. ಆಮೇಲೆ ತೆಗೆಯುತ್ತೇನೆಂದರೆ ಪಕ್ಕೆಲುಬು ಅಗಲಿಸುವ ರಿಟ್ರಾಕ್ಟರ್ ಅಡಿಯಲ್ಲಿ ಅದು ಜಜ್ಜಿಹೋಗಿರುತ್ತದೆ. ಬ್ರಾಂಕಸ್ಸನ್ನು ಕರೀನಾಕ್ಕೆ (ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗ) ಹತ್ತಿರವೇ ಸ್ಟೇಪಲ್ ಮಾಡಿ; ಉದ್ದ ಬಿಟ್ಟರೆ ಕಫ ನಿಂತು ಕೊಳೆಯುತ್ತದೆ. ಲಿಂಫ್ ಗಂಟುಗಳನ್ನು ತೆಗೆಯುವ ಭರದಲ್ಲಿ ಬ್ರಾಂಕಸ್ಸಿನ ಸುತ್ತಲಿನ ಅಂಗಾಂಶ ಕೆರೆದು ಬೆತ್ತಲು ಮಾಡಬೇಡಿ, ತುದಿಗೆ ರಕ್ತ ಪೂರೈಕೆಯಾಗುವುದೇ ಅಲ್ಲಿಂದ. ಎದೆಯೊಳಗೆ ಸಲೈನ್ ತುಂಬಿಸಿ, ಅರಿವಳಿಕೆ ವೈದ್ಯರಿಂದ ಗಾಳಿ ಒತ್ತಿಸಿ, ಒಂದು ಗುಳ್ಳೆಯೂ ಏಳದಿದ್ದಾಗ ಸ್ನಾಯುಪಟ್ಟಿ ಹೊದಿಸಿ ಹೊಲಿಯಿರಿ. ಎಡಗಡೆಯ ತುದಿ ಅಯೋರ್ಟಾ ಎಂಬ ಮಹಾಅಪಧಮನಿಯ ಕಮಾನಿನಡಿ ಸರಿದು ಮರೆಯಾಗುತ್ತದೆ. ಬಲಗಡೆಯದಕ್ಕೆ ಅಂಥ ಆಸರೆಯಿಲ್ಲ. ಅಲ್ಲಿ ನಾನು ಹೊದಿಕೆಯಿಲ್ಲದೆ ಎದೆ ಮುಚ್ಚುವುದೇ ಇಲ್ಲ.

ಹೃದಯದ ಹೊರಚೀಲವಾದ ಪೆರಿಕಾರ್ಡಿಯಂ ತೆರೆದಿದ್ದರೆ, ಬಲಗಡೆಯಂತೂ, ಪ್ಯಾಚ್ ಹಾಕಿ. ಇಲ್ಲವಾದರೆ ಹೃದಯವೇ ಆ ಕಿಂಡಿಯಿಂದ ಹೊರಳಿ ರಕ್ತದೊತ್ತಡ ಕುಸಿಯುತ್ತದೆ. ಎದೆಯಿಂದ ದ್ರವ ಹೊರಬಿಡುವ ಡ್ರೈನ್ ನಳಿಕೆಗೆ ಸಕ್ಷನ್ ಕೊಡಲೇಬೇಡಿ. ಡ್ರಿಪ್ಪನ್ನೂ ಹಿಡಿತದಲ್ಲಿಡಿ, ಉಳಿದ ಒಂದೇ ಶ್ವಾಸಕೋಶದಲ್ಲಿ ನೀರು ತುಂಬಿದರೆ ಕಷ್ಟ. ಮೊದಲ ಕೆಲವು ದಿನಗಳಲ್ಲಿ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಬಡಿತ ಲಯ ತಪ್ಪುವುದು) ಬರುವುದು ಸಾಮಾನ್ಯ.

ಖಾಲಿಯಾದ ಬದಿಯಲ್ಲಿ ದ್ರವ ನಿಧಾನವಾಗಿ ಏರಬೇಕು. ಎಕ್ಸ್‌-ರೇಯನ್ನು ಹಿಂದಿನದರ ಪಕ್ಕದಲ್ಲಿಟ್ಟೇ ನೋಡಿ. ನನ್ನ ರೋಗಿಯೊಬ್ಬರಿಗೆ ಹನ್ನೊಂದನೆಯ ದಿನ ಆ ಮಟ್ಟ ಎರಡು ಬೆರಳಿನಷ್ಟು ಇಳಿದಿತ್ತು. ನಾನು ಹೊಸ ಫಿಲಂ ಒಂದನ್ನೇ ನೋಡಿ ಮುಂದಿನ ಹಾಸಿಗೆಗೆ ಹೋಗಿಬಿಟ್ಟಿದ್ದೆ. ರಾತ್ರಿ ಅವರು ಕಂದು ಬಣ್ಣದ ತೆಳು ನೀರನ್ನು ಕೆಮ್ಮತೊಡಗಿದರು. ತುದಿ ಬಿಟ್ಟುಕೊಂಡಿತ್ತು. ಉಸಿರಾಟ ಸುಲಭವಾಗಲೆಂದು ಯಾರೋ ಅವರನ್ನು ಒಳ್ಳೆಯ ಶ್ವಾಸಕೋಶ ಕೆಳಗಾಗುವಂತೆ ಮಲಗಿಸಿದ್ದರು, ದ್ರವವೆಲ್ಲ ಅದರೊಳಕ್ಕೇ ಇಳಿಯುತ್ತಿತ್ತು. ಹೊರಳಿಸಿ, ಡ್ರೈನ್ ಹಾಕಿ, ಮತ್ತೆ ತೆರೆದು ಹೊಲಿದೆವು. ಅವರು ಬದುಕಿದರು, ಆದರೆ ಎರಡು ತಿಂಗಳು ಹಾಸಿಗೆಯಲ್ಲೇ ಕಳೆದರು.

ಅಂಥ ಕೆಮ್ಮು ಕಂಡರೆ ಮೊದಲು ಆಪರೇಷನ್ ಆದ ಬದಿ ಕೆಳಗಾಗುವಂತೆ ಹೊರಳಿಸಿ, ತಲೆಯ ಕಡೆ ಎತ್ತರಿಸಿ, ಆಕ್ಸಿಜನ್ ಕೊಡಿ. ಸರ್ಜನ್‌ಗೆ ಫೋನ್ ಮಾಡುವುದು ಅದಾದ ಮೇಲೆ.